ಚತುರ್ಥಾಸನ ಸಿದ್ಧಾಂತ: ಠಾಕುರ್ಲಿ ಪ್ರಾಂತದಲ್ಲಿ ಅಗಲ ಮತ್ತು ಎತ್ತರಗಳ ವ್ಯಾಜ್ಯ

ಪ್ರತಿ ಚಿತ್ರಕ್ಕೂ ಅಗಲ, ಎತ್ತರ ಎಂಬ ಎರಡು ಧರ್ಮಗಳಿವೆ. ಅರ್ಥ ಎಂಬ ಮೂರನೆಯದೂ ಇದೆಯೆಂದು ಕೆಲವರು ವಾದಿಸುತ್ತಾರೆ. ಅದು ಈ ಪ್ರಬಂಧದ ವ್ಯಾಪ್ತಿಗೆ ಹೊರಗಿನದು. ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತವನ್ನು ವಿನ್ಯಾಸಕಾರರು ಆಸ್ಪೆಕ್ಟ್ ರೇಶಿಯೊ ಎಂದು ಕರೆದು ಪೂಜಿಸುತ್ತಾರೆ. ಸಂಘ-ಸಂಸ್ಥೆಗಳ ಉಪಾಧ್ಯಕ್ಷರಿಗೆ ಈ ಹೆಸರು ಗೊತ್ತಿಲ್ಲದಿದ್ದರೂ ಅನುಭವ ಇದೆ: ವಾರ್ಷಿಕೋತ್ಸವದ ಫೋಟೋ ವಾಟ್ಸಾಪ್ ಗ್ರೂಪಿಗೆ ಬಂದಾಗ ಅಧ್ಯಕ್ಷರು ಪೂರ್ತಿಯಾಗಿ ಇದ್ದು, ತಮ್ಮದು ಒಂದು ಕಿವಿ ಮಾತ್ರ ಇರುವುದನ್ನು ಅವರು ಕಂಡಿದ್ದಾರೆ. ಆ ಕಿವಿಯಿಂದ ಹಿಡಿದು ಹಾಲಿವುಡ್ಡಿನ ತನಕ ಒಂದೇ ಎಳೆ ಹಾಯಿಸುವುದು ಪ್ರಸ್ತುತ ಸಂಶೋಧಕನ ಉದ್ದೇಶ. ಜಗತ್ತಿನ ಮುಖ್ಯ ಚಿತ್ರಾನುಪಾತಗಳೆಲ್ಲ ಮುಂಬಯಿ ಲೋಕಲ್ಲಿನ ಮೂರು ಜನರ ಬೆಂಚಿನ ಮೇಲೆ ಕೂರುವ ನಾಲ್ಕನೆಯ ಮನುಷ್ಯನಿಂದ ನಿಷ್ಪನ್ನವಾಗುತ್ತವೆ. ಇದಕ್ಕೆ ಚತುರ್ಥಾಸನ ಸಿದ್ಧಾಂತ ಎಂದು ಹೆಸರಿಡಲಾಗಿದೆ. ಬೇರೆ ಯಾರೂ ಇಡಲು ಮುಂದೆ ಬರಲಿಲ್ಲ.

ಕ್ಷೇತ್ರಕಾರ್ಯಕ್ಕೆ ಠಾಕುರ್ಲಿಯನ್ನೇ ಆರಿಸಿದ್ದೇಕೆ ಎಂದು ಪೂರ್ವಪಕ್ಷಿಗಳು ಕೇಳಬಹುದು. ಡೊಂಬಿವಲಿ ಮತ್ತು ಕಲ್ಯಾಣದ ನಡುವೆ ಸ್ಲೋ ಲೋಕಲ್ ನಿಂತು ಹೋಗುವ ಈ ಊರಿಗೆ ಎರಡು ಅರ್ಹತೆಗಳಿವೆ. ಒಂದು, ಇಲ್ಲಿ ಕನ್ನಡಿಗರಿದ್ದಾರೆ. ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ಕಾಲೇಜು ಠಾಕುರ್ಲಿಯ ಕಂಚನಗಾಂವ್‌ನಲ್ಲೇ ಇದೆ. ಎರಡು, ರೈಲುಗಳಿಗೆ ವಿದ್ಯುತ್ ಒದಗಿಸಲೆಂದು 1920ರ ದಶಕದ ಕೊನೆಗೆ ಕಟ್ಟಿದ ಪವರ್‌ಹೌಸ್ ಇದ್ದದ್ದು ಇಲ್ಲಿ. ಅಂದರೆ ನಾಲ್ಕನೆಯ ಸೀಟನ್ನು ಹೊತ್ತು ಓಡಿದ ಬಂಡಿಗೆ ಕರೆಂಟು ಹರಿದದ್ದು ಇದೇ ನೆಲದಿಂದ. ಇದಕ್ಕಿಂತ ಬಲವಾದ ಪುರಾವೆ ಬೇಕೆನ್ನುವವರು ಪಿಎಚ್.ಡಿ. ಮಾಡಲಿ.

ಪ್ರಾಚೀನತೆಯ ವಿಷಯದಲ್ಲೂ ಠಾಕುರ್ಲಿ ಬಡವಲ್ಲ. ಠಾಣೆಯ ಆಚೆಗಿನ ಕನ್ಹೇರಿ ಗುಹೆಗಳಲ್ಲಿ 9ನೇ ಶತಮಾನದ ಶಾಸನಗಳಿವೆ. ಅವುಗಳಲ್ಲಿ ಕೊಂಕಣದ ಶಿಲಾಹಾರರು ರಾಷ್ಟ್ರಕೂಟ ಅಮೋಘವರ್ಷನನ್ನು ತಮ್ಮ ಒಡೆಯನೆಂದು ಒಪ್ಪಿಕೊಂಡಿದ್ದಾರೆ. ಅದೇ ಅಮೋಘವರ್ಷನ ಆಶ್ರಯದಲ್ಲಿ ಮಹಾವೀರಾಚಾರ್ಯ ಸುಮಾರು 850ರಲ್ಲಿ ಗಣಿತಸಾರಸಂಗ್ರಹ ಬರೆದು ತ್ರೈರಾಶಿಕವನ್ನು ವಿವರಿಸಿದ. ಮುಂದೆ 12ನೇ ಶತಮಾನದಲ್ಲಿ ರಾಜಾದಿತ್ಯ ವ್ಯವಹಾರಗಣಿತದ ಮೂಲಕ ಆ ವಿದ್ಯೆಯನ್ನು ಕನ್ನಡಕ್ಕೆ ಇಳಿಸಿದ. ಗೊತ್ತಿರುವ ಮೂರು ರಾಶಿಗಳಿಂದ ಗೊತ್ತಿಲ್ಲದ ನಾಲ್ಕನೆಯದನ್ನು ಹಿಡಿಯುವುದೇ ತ್ರೈರಾಶಿಕ. 1600ಕ್ಕೆ 1200 ಪಿಕ್ಸೆಲ್ಲಿನ ಫೋಟೋವನ್ನು 1080 ಅಗಲದ ಚೌಕಟ್ಟಿಗೆ ಇಳಿಸಬೇಕು, ಎತ್ತರ ಎಷ್ಟು? 1080ನ್ನು 1200ರಿಂದ ಗುಣಿಸಿ 1600ರಿಂದ ಭಾಗಿಸಿ: 810. ಇಷ್ಟು ಗೊತ್ತಿದ್ದರೆ ಯಾವ ಉಪಾಧ್ಯಕ್ಷರ ಕಿವಿಯೂ ಹೋಗುತ್ತಿರಲಿಲ್ಲ. ಮೂವರು ಗೊತ್ತಿದ್ದು ನಾಲ್ಕನೆಯವನನ್ನು ಲೆಕ್ಕಕ್ಕೆ ತರುವ ಈ ವಿಧಾನ ನಮ್ಮ ಸಿದ್ಧಾಂತದ ಕಡೆಗೇ ಬೆರಳು ಮಾಡುತ್ತಿರುವುದನ್ನು ಸೂಕ್ಷ್ಮಜ್ಞರು ಗಮನಿಸಿರಬೇಕು.

ಚಿತ್ರವಿದ್ಯೆಗೂ ಅಧ್ಯಾಯ ಮೀಸಲಿಟ್ಟ ಮಾನಸೋಲ್ಲಾಸದ ಕರ್ತೃ ಮೂರನೆಯ ಸೋಮೇಶ್ವರ ಕಲ್ಯಾಣದ ಚಾಲುಕ್ಯ. ಇಷ್ಟು ಕೇಳಿದ್ದೇ ತಡ, ಕೆಲವು ಉತ್ಸಾಹಿಗಳು ಠಾಕುರ್ಲಿಯ ಮುಂದಿನ ಸ್ಟೇಶನ್ನಿಗೆ ಟಿಕೆಟ್ ತೆಗೆಸುತ್ತಾರೆ. ಆ ಕಲ್ಯಾಣ ಬೀದರ ಜಿಲ್ಲೆಯಲ್ಲಿದೆ. ಲೋಕಲ್ ಅಲ್ಲಿಗೆ ಹೋಗುವುದಿಲ್ಲ. ಸಂಶೋಧನೆಯಲ್ಲಿ ಶಿಸ್ತು ಇರಬೇಕು.

ಈಗ ಪ್ರಮೇಯಕ್ಕೆ ಬರೋಣ. ಲೋಕಲ್ಲಿನ ಸೆಕೆಂಡ್ ಕ್ಲಾಸ್ ಡಬ್ಬಿಯಲ್ಲಿ ಎದುರುಬದುರು ಬೆಂಚುಗಳು. ಒಂದೊಂದು ಬೆಂಚು ಮೂರು ಜನಕ್ಕೆ. ಕಿಟಕಿಯವನು, ನಡುವಿನವನು, ಅಂಚಿನವನು ಕೂತಿರುತ್ತಾರೆ. ಕೂರುವಾಗ ಮೂವರೂ ಮಂಡಿಗಳನ್ನು ಆದಷ್ಟು ಅಗಲಿಸಿ ತಮ್ಮ ಅನುಪಾತವನ್ನು ಪ್ರಚಾರಪಡಿಸಿರುತ್ತಾರೆ. ಆಗ ನಾಲ್ಕನೆಯವನು ಬರುತ್ತಾನೆ. ಅವನು ಬಾಯಿ ಬಿಡುವುದಿಲ್ಲ. ಎರಡು ಬೆರಳಲ್ಲಿ ಗಾಳಿಯನ್ನು ಕಿಟಕಿಯ ಕಡೆಗೆ ತಳ್ಳುತ್ತಾನೆ, ಅಷ್ಟೆ. ಮೂವರೂ ಮೊಬೈಲಿನಿಂದ ಕಣ್ಣೆತ್ತದೆ ಒಂದೊಂದು ಇಂಚು ಸರಿಯುತ್ತಾರೆ. ಆ ಮೂರಿಂಚಿನ ಮೇಲೆ ಅವನು ತನ್ನ ಒಂದು ಪಾರ್ಶ್ವವನ್ನು ಸ್ಥಾಪಿಸಿ, ಇನ್ನೊಂದನ್ನು ನಡುದಾರಿಯ ವಾಯುಮಂಡಲದಲ್ಲಿ ತೂಗಬಿಟ್ಟು, ಎಡಗಾಲನ್ನು ಊರುಗೋಲಾಗಿಸಿ ಮುಲುಂಡಿನವರೆಗೆ ಬರುತ್ತಾನೆ. ಅಲ್ಲಿ ಅಂಚಿನವನು ಇಳಿದರೆ ಅವನಿಗೆ ಬಡ್ತಿ. ಇಷ್ಟಾದರೂ ಕೂರುವ ಭಾಗ್ಯ ಬೇಕೆಂದರೆ ಠಾಕುರ್ಲಿ, ಡೊಂಬಿವಲಿಯವರು ಮೊದಲು ಹಿಂದಕ್ಕೆ ಕಲ್ಯಾಣಕ್ಕೆ ಹೋಗಿ, ಅದೇ ಬಂಡಿಯಲ್ಲಿ ಮುಂದಕ್ಕೆ ಬರಬೇಕು. ಮುಂಬಯಿಗೆ ಹೋಗಲು ಮುಂಬಯಿಗೆ ಬೆನ್ನು ಹಾಕುವ ಈ ಸಾಧನೆಯನ್ನು ನಮ್ಮ ಹಿರಿಯರು ವೈರಾಗ್ಯದ ಪ್ರಕರಣದಲ್ಲಿ ಏಕೆ ಸೇರಿಸಲಿಲ್ಲವೋ.

ಮೂರರ ಜಾಗದಲ್ಲಿ ನಾಲ್ಕು. ಅಂದರೆ 4:3.

ಪಾಶ್ಚಾತ್ಯರ ಆವೃತ್ತಿ ಬೇರೆ. ಎಡಿಸನ್ನನ ಪ್ರಯೋಗಶಾಲೆಯಲ್ಲಿದ್ದ ವಿಲಿಯಂ ಡಿಕ್ಸನ್ 1890ರ ದಶಕದ ಆರಂಭದಲ್ಲಿ 35 ಮಿಲಿಮೀಟರ್ ಫಿಲ್ಮಿಗೆ ಒಂದೊಂದು ಚೌಕಟ್ಟಿಗೂ ಬದಿಯಲ್ಲಿ ನಾಲ್ಕು ನಾಲ್ಕು ರಂಧ್ರ ಎಂದು ನಿಶ್ಚಯಿಸಿದ. ಅದರಿಂದ ಚಿತ್ರ 4:3 ಆಯಿತು. ಯಾವ ಸೌಂದರ್ಯಶಾಸ್ತ್ರವೂ ಇರಲಿಲ್ಲ. ಫಿಲ್ಮನ್ನು ಜಗ್ಗುವ ಹಲ್ಲಿನ ಚಕ್ರಕ್ಕೆ ಸರಿಹೋದದ್ದು ಮನುಷ್ಯನ ಕಣ್ಣಿಗೂ ಸರಿಹೋಯಿತು. 1932ರಲ್ಲಿ ಹಾಲಿವುಡ್ಡಿನ ಅಕಾಡೆಮಿ ಧ್ವನಿಪಟ್ಟಿಗೆ ಜಾಗ ಬಿಟ್ಟು ಅದನ್ನೇ ತುಸು ತಿದ್ದಿ 1.37 ಮಾಡಿತು. ಟೆಲಿವಿಷನ್ ಬಂದಾಗ ಕೇಳದೆಯೇ 4:3ನ್ನು ಎತ್ತಿಕೊಂಡಿತು. ನಮ್ಮ ದೂರದರ್ಶನವೂ ಅದರಲ್ಲೇ ಬೆಳೆಯಿತು.

ಇಲ್ಲೊಂದು ಆಕ್ಷೇಪ ಏಳುತ್ತದೆ. ಡಿಕ್ಸನ್ನನ ಕಾಲಕ್ಕೆ ಮುಂಬಯಿಯಲ್ಲಿ ಈಗಿನ ವಿದ್ಯುತ್ ಲೋಕಲ್ ಎಲ್ಲಿತ್ತು? ವಿದ್ಯುತ್ ಬಂಡಿ ಓಡಲು ಶುರುವಾದದ್ದು 1925ರ ಫೆಬ್ರವರಿ 3ರಂದು, ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ. ಕಾರ್ಯ ಮೊದಲು ಬಂದು ಕಾರಣ ಮೂವತ್ತು ವರ್ಷ ತಡವಾಗಿ ಬರುವುದು ಹೇಗೆ? ಈ ಪ್ರಶ್ನೆ ಕೇಳುವವರು ಸ್ಲೋ ಲೋಕಲ್ಲಿಗೆ ಕಾದವರಲ್ಲ ಎಂಬುದು ಸ್ಪಷ್ಟ. ಆಕ್ಷೇಪ ತಳ್ಳಿಹಾಕಲಾಗಿದೆ.

ಟಿವಿ ಮನೆಮನೆಗೆ ಬಂದು ಥಿಯೇಟರು ಖಾಲಿಯಾದಾಗ ಸಿನೆಮಾದವರು ಅಗಲಕ್ಕೆ ಶರಣು ಹೋದರು. 1953ರಲ್ಲಿ ದಿ ರೋಬ್ ಚಿತ್ರದೊಂದಿಗೆ ಸಿನೆಮಾಸ್ಕೋಪ್ ಬಂತು, ಮೊದಲು 2.55, ಆಮೇಲೆ 2.35. ವಿಶೇಷ ಮಸೂರವೊಂದು ಅಗಲದ ದೃಶ್ಯವನ್ನು ಹಿಂಡಿ ಮಾಮೂಲಿ ಫಿಲ್ಮಿನೊಳಗೆ ತುರುಕುತ್ತದೆ, ಥಿಯೇಟರಿನ ಇನ್ನೊಂದು ಮಸೂರ ಅದನ್ನು ಬಿಡಿಸುತ್ತದೆ. ಹಿಂಡಿ ತುಂಬುವುದು ಡೊಂಬಿವಲಿಯಲ್ಲಿ, ಬಿಡಿಸಿ ಹರಡುವುದು ದಾದರಿನಲ್ಲಿ. ಮುಂಬಯಿ ಕನ್ನಡಿಗನಿಗೆ ಈ ತಂತ್ರವನ್ನು ವಿವರಿಸುವ ಅಗತ್ಯವಿಲ್ಲ. 1959ರ ಕಾಗಜ್ ಕೆ ಫೂಲ್ ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ. ಕನ್ನಡದಲ್ಲಿ ಆ ಕೀರ್ತಿ 1977ರ ಸೊಸೆ ತಂದ ಸೌಭಾಗ್ಯಕ್ಕೆ. ಇಂಥ ಅಗಲದ ಚಿತ್ರ 4:3ರ ಟಿವಿಯಲ್ಲಿ ಪರದೆ ತುಂಬ ಬಂದರೆ ಎಡಬಲ ಸೇರಿ ಹೆಚ್ಚುಕಡಿಮೆ ನೂರಕ್ಕೆ 43 ಭಾಗ ಕತ್ತರಿಸಿ ಹೋಗುತ್ತದೆ. ಸೊಸೆ ಕಂಡರೆ ಸೌಭಾಗ್ಯ ಕಾಣದು. ಸೌಭಾಗ್ಯ ಕಂಡರೆ ಅತ್ತೆ ಯಾರ ಜೊತೆ ಜಗಳವಾಡುತ್ತಿದ್ದಾಳೆಂದು ತಿಳಿಯದು.

1984ರಲ್ಲಿ ಅಮೆರಿಕದ ಎಂಜಿನಿಯರ್ ಕರ್ನ್ಸ್ ಪವರ್ಸ್ ರಾಜಿ ಪಂಚಾಯತಿಗೆ ಕೂತ. ಆಗ ಚಾಲ್ತಿಯಲ್ಲಿದ್ದ ಅನುಪಾತಗಳ ಆಯತಗಳನ್ನೆಲ್ಲ ಸಮಾನ ವಿಸ್ತೀರ್ಣಕ್ಕೆ ತಂದು, ಒಂದರ ಮೇಲೊಂದು ಇಟ್ಟು ನೋಡಿದ. 1.33 ಮತ್ತು 2.35ರ ಗುಣೋತ್ತರ ಮಧ್ಯಮ 1.77, ಎಲ್ಲವೂ ಅಷ್ಟಿಷ್ಟು ನಷ್ಟದಲ್ಲಿ ಕೂರಬಲ್ಲ ಮಧ್ಯಸ್ಥ ಚೌಕಟ್ಟು. ಅದೇ 16:9. ಇಂದು ಮನೆಯ ಟಿವಿ, ಆಫೀಸಿನ ಮಾನಿಟರು, ಯೂಟ್ಯೂಬಿನ 1280ಕ್ಕೆ 720ರ ತಂಬ್‌ನೇಲ್ ಎಲ್ಲವೂ ಇದರ ಸಂತಾನ. ಯಾವ ಸಿನೆಮಾವನ್ನೂ ಆಗ ಈ ಆಕಾರದಲ್ಲಿ ತೆಗೆಯುತ್ತಿರಲಿಲ್ಲ ಎಂಬುದೇ ಇದರ ಅರ್ಹತೆ. ನ್ಯಾಯ ಹೇಳುವವನು ಯಾರ ಪೈಕಿಯೂ ಆಗಿರಬಾರದಲ್ಲ.

ಈಗ ನಮ್ಮ ಪ್ರಮೇಯದ ಚಮತ್ಕಾರ ನೋಡಿ. 4:3ನ್ನು ವರ್ಗ ಮಾಡಿದರೆ 16:9. ಘನ ಮಾಡಿದರೆ 64:27, ಅಂದರೆ 2.37, ಅಂಗಡಿಯಲ್ಲಿ 21:9 ಎಂದು ಹೇಳಿ ಮಾರುವ ಅಗಲದ ಮಾನಿಟರುಗಳಲ್ಲಿ ಹಲವಕ್ಕೆ ಇದೇ ಅನುಪಾತ. ಹಳೆಯ ಟಿವಿ ನಾಲ್ಕನೆಯ ಸೀಟಿನ ಮೊದಲ ಘಾತ, ಹೊಸ ಟಿವಿ ಎರಡನೆಯ ಘಾತ, ಸಿನೆಮಾಸ್ಕೋಪ್ ಮೂರನೆಯ ಘಾತ. ಇದನ್ನು ಕಾಕತಾಳೀಯ ಎನ್ನುವವರಿಗೆ ಕಾಗೆಯೂ ಗೊತ್ತಿಲ್ಲ, ತಾಳೆಯೂ ಗೊತ್ತಿಲ್ಲ.

ಇದಕ್ಕಿಂತ ಗಹನವಾದದ್ದು ಅಗಲದ ನಿತ್ಯತಾ ನಿಯಮ. ಮೂರರ ಬೆಂಚಿನಲ್ಲಿ ನಾಲ್ವರು ಕೂತಾಗ ಒಬ್ಬೊಬ್ಬನಿಗೆ ದಕ್ಕುವುದು ತನ್ನ ನ್ಯಾಯವಾದ ಅಗಲದ ಮುಕ್ಕಾಲು. ಮನುಷ್ಯ ಹೀಗೆ ಮುಕ್ಕಾಲಾಗಿ ಸಂಜೆ ಮನೆ ಸೇರಿ ಟಿವಿ ಹಚ್ಚುತ್ತಾನೆ. ಯಾವುದೋ ಚಾನೆಲ್ಲಿನಲ್ಲಿ ಹಳೆಯ ಕಪ್ಪು-ಬಿಳುಪು ಚಿತ್ರ. ಆ 4:3ರ ಚಿತ್ರವನ್ನು 16:9ರ ಪರದೆಗೆ ಎಳೆದು ಕೂರಿಸಿರುತ್ತಾರೆ. ಎಷ್ಟು ಎಳೆದಿದ್ದಾರೆ? 16:9ನ್ನು 4:3ರಿಂದ ಭಾಗಿಸಿದರೆ ಬರುವುದು ಮತ್ತೆ 4:3. ಪರದೆಯ ಮೇಲಿನ ನಾಯಕ, ನಾಯಕಿ, ಕುದುರೆ ಎಲ್ಲರೂ ಮೂರನೇ ಒಂದರಷ್ಟು ದಪ್ಪ. ರೈಲಿನಲ್ಲಿ ಮುಕ್ಕಾಲು, ಟಿವಿಯಲ್ಲಿ ಮೂರಕ್ಕೆ ನಾಲ್ಕು. ಗುಣಿಸಿದರೆ ಪೂರ್ತಿ ಒಂದು. ಬೆಳಗ್ಗೆ ಠಾಕುರ್ಲಿಯಲ್ಲಿ ಪ್ರಜೆ ಕಳೆದುಕೊಂಡ ಅಗಲ ರಾತ್ರಿ ತೆರೆಯ ಮೇಲೆ ಬಡ್ಡಿಯಿಲ್ಲದೆ ವಾಪಸ್ಸು ಬರುತ್ತದೆ. ಪ್ರಕೃತಿಯಲ್ಲಿ ಅಗಲ ನಾಶವಾಗುವುದಿಲ್ಲ. ಒಬ್ಬನಿಂದ ಹೋದದ್ದು ಇನ್ನೊಬ್ಬನ ಸೊಂಟದಲ್ಲಿ ಸಿಗುತ್ತದೆ.

ಸುವರ್ಣಾನುಪಾತದ ಭಕ್ತರು ಇಷ್ಟು ಹೊತ್ತು ಕೈಯೆತ್ತಿಕೊಂಡೇ ಕೂತಿದ್ದಾರೆ. 1.618ನ್ನು ಬಿಟ್ಟು ಸೌಂದರ್ಯವೆಲ್ಲಿ ಎಂಬುದು ಅವರ ಅಂಬೋಣ. 1876ರಲ್ಲಿ ಜರ್ಮನಿಯ ಫೆಕ್ನರ್ ಹತ್ತು ಆಯತಗಳನ್ನು ಜನರ ಮುಂದಿಟ್ಟು ಯಾವುದು ಚಂದ ಎಂದು ಕೇಳಿದ. ಅತಿ ಹೆಚ್ಚು ಜನ ಸುವರ್ಣಾಯತಕ್ಕೆ ಬೆರಳು ತೋರಿದರು. ಅವನು ನಮ್ಮ ಕಡೆಯವರನ್ನು ಕೇಳಿದ್ದರೆ 'ನನ್ನ ಫೋಟೋ ಯಾವುದರಲ್ಲಿದೆ?' ಎಂಬ ಮರುಪ್ರಶ್ನೆ ಬರುತ್ತಿತ್ತು, ಪ್ರಯೋಗ ಅಲ್ಲಿಗೆ ಮುಗಿಯುತ್ತಿತ್ತು. ನಮ್ಮ ಪ್ಯಾನ್ ಕಾರ್ಡು 85.60ಕ್ಕೆ 53.98 ಮಿಲಿಮೀಟರ್, ಅನುಪಾತ 1.586, ಸುವರ್ಣಕ್ಕೆ ಎರಡು ಹೆಜ್ಜೆ ದೂರ. ಚೌಕಟ್ಟಿಗೆ ಅಷ್ಟು ಸೌಂದರ್ಯ ಖರ್ಚಾದ್ದರಿಂದಲೇ ಒಳಗಿನ ಮುಖಕ್ಕೆ ಏನೂ ಉಳಿಯಲಿಲ್ಲವೆಂದು ತೋರುತ್ತದೆ.

ಕಾಗದದ ಅನುಪಾತಕ್ಕೆ ಮಾತ್ರ ಸಂಶೋಧಕನ ಹೃತ್ಪೂರ್ವಕ ನಮಸ್ಕಾರ. 1786ರಲ್ಲಿ ಲಿಕ್ಟೆನ್‌ಬರ್ಗ್ ಎಂಬ ಜರ್ಮನ್ ಪ್ರಾಧ್ಯಾಪಕ ಒಂದು ಪತ್ರದಲ್ಲಿ ಇದರ ಗುಣವನ್ನು ಬಣ್ಣಿಸಿದ: ಅಗಲ ಒಂದಾದರೆ ಉದ್ದ ಎರಡರ ವರ್ಗಮೂಲ. ಇಂಥ ಹಾಳೆಯನ್ನು ನಡುವೆ ಮಡಚಿದರೆ ಅರ್ಧಕ್ಕೂ ಅದೇ ಅನುಪಾತ. 1922ರಲ್ಲಿ ಜರ್ಮನಿ ಅದನ್ನು ಮಾನಕವಾಗಿಸಿತು. ಒಂದು ಚದರ ಮೀಟರಿನ ಎ0 ಹಾಳೆಯನ್ನು ನಾಲ್ಕು ಸಲ ಅರ್ಧ ಮಾಡಿದರೆ 210ಕ್ಕೆ 297 ಮಿಲಿಮೀಟರಿನ ನಮ್ಮ ಎ4. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಒನ್ ಬಿಎಚ್‌ಕೆ ಫ್ಲ್ಯಾಟಿನ ಹಾಗಲ್ಲ. ಎಷ್ಟು ಸಲ ಪಾಲಾದರೂ ಹಾಳೆ ಹಾಳೆಯೇ ಆಗಿ ಉಳಿಯುತ್ತದೆ. ಸನ್ಮಾನಪತ್ರಗಳನ್ನು ಈ ಅಳತೆಯಲ್ಲೇ ಮುದ್ರಿಸಿ ಗಾಜು ಹಾಕಿಸುವುದು ವಾಡಿಕೆ. ಅದನ್ನು ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದಾಗ ಗಾಜಿನಲ್ಲಿ ಫೋಟೋ ತೆಗೆದವನ ಪ್ರತಿಬಿಂಬ ಮಾತ್ರ ಸ್ಪಷ್ಟವಾಗಿರುತ್ತದೆ.

ನಿಂತ ಮನುಷ್ಯನ ಪ್ರಕರಣ ಇನ್ನೂ ಬಾಕಿಯಿದೆ. ನಾಲ್ಕನೆಯ ಸೀಟೂ ಸಿಗದವರ ಗತಿಯೇನು? ಚದರ ಮೀಟರಿಗೆ 14ರಿಂದ 16 ಜನ ನಿಂತ ಸ್ಥಿತಿಗೆ ರೈಲ್ವೆಯ ಪರಿಭಾಷೆಯಲ್ಲಿ ಸೂಪರ್ ಡೆನ್ಸ್ ಕ್ರಶ್ ಲೋಡ್ ಎಂಬ ಬಿರುದಿದೆ. 15 ಎಂದಿಟ್ಟುಕೊಂಡರೆ ತಲೆಗೆ 26 ಸೆಂಟಿಮೀಟರಿನ ಒಂದು ಚೌಕ. ಅದರ ಮೇಲೆ 165 ಸೆಂಟಿಮೀಟರ್ ಎತ್ತರದ ಮನುಷ್ಯನನ್ನು ನಿಲ್ಲಿಸಿದರೆ ಅಗಲ-ಎತ್ತರ ಸುಮಾರು 1:6. ಇಂಥವನು ಬ್ಯಾಗನ್ನು ಎದೆಗವುಚಿಕೊಂಡು, ಒಂದು ಕೈ ಮೇಲಿನ ಹಿಡಿಕೆಗೆ ಕೊಟ್ಟು, ಉಳಿದೊಂದು ಕೈಯ ಹೆಬ್ಬೆರಳಿನಿಂದ ಮೊಬೈಲು ನೋಡಬೇಕು. ಫೋನನ್ನು ಅಡ್ಡ ತಿರುಗಿಸಿದರೆ ಪಕ್ಕದವನ ಮೂಗಿಗೆ ತಗಲುತ್ತದೆ. ಆದ್ದರಿಂದ ಅವನಿಗಾಗಿ ಜಗತ್ತೇ ತಿರುಗಿ ನಿಂತಿತು: 16:9 ತಲೆಕೆಳಗಾಗಿ 9:16 ಆಯಿತು, 1080ಕ್ಕೆ 1920 ಪಿಕ್ಸೆಲ್ಲಿನ ರೀಲ್ಸ್ ಬಂತು. ಇದರ ಹುಟ್ಟೂರು ಕ್ಯಾಲಿಫೋರ್ನಿಯಾ ಎಂಬ ವದಂತಿಯನ್ನು ಡೊಂಬಿವಲಿ ಪ್ಲ್ಯಾಟ್‌ಫಾರ್ಮಿನಲ್ಲಿ ಬೆಳಗಿನ ಎಂಟು ಗಂಟೆಗೆ ನಿಂತು ಪರೀಕ್ಷಿಸಬಹುದು.

ನಿಂತ ಚಿತ್ರದ ಪರ ವಾದಿಸಿದವರಲ್ಲಿ ಸೋವಿಯತ್ ನಿರ್ದೇಶಕ ಐಸೆನ್‌ಸ್ಟೈನ್ ಹಿರಿಯ. 1930ರಲ್ಲಿ ಹಾಲಿವುಡ್ಡಿಗೆ ಹೋಗಿ, ಪರದೆ ಚೌಕವಾಗಿರಲಿ, ಅದರೊಳಗೆ ಅಡ್ಡವೂ ಉದ್ದವೂ ಸಮಾನವಾಗಿ ಬಾಳಲಿ ಎಂದು ಭಾಷಣ ಮಾಡಿದ. ಯಾರೂ ಒಪ್ಪಲಿಲ್ಲ. 2010ರಲ್ಲಿ ಇನ್‌ಸ್ಟಾಗ್ರಾಮ್ ಬಂದಾಗ ಚೌಕಕ್ಕೆ ಪಟ್ಟಾಭಿಷೇಕವಾಯಿತು, 2015ರಲ್ಲಿ ಅಡ್ಡ-ಉದ್ದಗಳಿಗೂ ಬಾಗಿಲು ತೆರೆಯಿತು, 2025ರಲ್ಲಿ ಪ್ರೊಫೈಲಿನ ಚೌಕಗಳೂ ಎದ್ದು ನಿಂತವು. ಪದಚ್ಯುತ ಚೌಕ ಈಗ ವಾಟ್ಸಾಪಿನ ಡಿಪಿಯಲ್ಲಿ ಆಶ್ರಯ ಪಡೆದಿದೆ. ಅಲ್ಲಿಯೂ ಅದನ್ನು ವೃತ್ತದಲ್ಲಿ ತೋರಿಸುತ್ತಾರೆ. ಚೌಕದೊಳಗಿನ ವೃತ್ತ ಅದರ ವಿಸ್ತೀರ್ಣದ ನೂರಕ್ಕೆ 78.5 ಭಾಗ. ಉಳಿದ 21.5 ನಾಲ್ಕು ಮೂಲೆಗಳಲ್ಲಿ ಹಂಚಿಹೋಗಿ ಕಾಣೆಯಾಗುತ್ತದೆ. ಕುಟುಂಬದ ಡಿಪಿಗಳಲ್ಲಿ ಆ ಮೂಲೆಯಲ್ಲಿ ನಿಂತಿದ್ದವರು ಸಾಮಾನ್ಯವಾಗಿ ಅಳಿಯಂದಿರು.

ಈಗ ವೇದಿಕೆ. ಮುಂಬಯಿ ಕನ್ನಡ ಸಂಘಗಳ ಯಾವ ಸಭೆಯನ್ನು ಬೇಕಾದರೂ ತೆಗೆದುಕೊಳ್ಳಿ. ಉದ್ಘಾಟಕರು, ಅಧ್ಯಕ್ಷರು, ಗೌರವಾಧ್ಯಕ್ಷರು, ಮಾಜಿ ಅಧ್ಯಕ್ಷರು, ಮುಖ್ಯ ಅತಿಥಿಗಳು, ಗೌರವ ಅತಿಥಿಗಳು, ಹೋಟೆಲ್ ಉದ್ಯಮಿಗಳು, ಮಹಿಳಾ ವಿಭಾಗದ ಕಾರ್ಯಾಧ್ಯಕ್ಷೆ, ಊರಿನಿಂದ ಯಾವುದೋ ಮದುವೆಗೆ ಬಂದು ಸಿಕ್ಕಿಬಿದ್ದ ಸಾಹಿತಿ: ಒಟ್ಟು 19 ಎನ್ನೋಣ. ತಲೆಗೆ ಎರಡು ಅಡಿಯಂತೆ ಅಗಲ 38 ಅಡಿ. ಪೇಟ ಸೇರಿ ಎತ್ತರ ಆರು ಅಡಿ. ಅನುಪಾತ 6.33:1, ಸಿನೆಮಾಸ್ಕೋಪಿನ ಎರಡೂವರೆ ಪಾಲಿಗಿಂತ ಹೆಚ್ಚು. ಬೆಳಗ್ಗೆ ಲೋಕಲ್ಲಿನಲ್ಲಿ 1:6 ಆಗಿ ನಿಂತ ಅದೇ ಕನ್ನಡಿಗರು ಸಂಜೆ ವೇದಿಕೆಯ ಮೇಲೆ 6:1 ಆಗಿ ಹರಡಿಕೊಳ್ಳುತ್ತಾರೆ. ಅಗಲದ ನಿತ್ಯತಾ ನಿಯಮಕ್ಕೆ ಇದು ಎರಡನೆಯ ನಿದರ್ಶನ.

ಈ 6.33ನ್ನು ಏಳು ಸೆಂಟಿಮೀಟರ್ ಅಗಲದ ನೆಟ್ಟಗೆ ಹಿಡಿದ ಫೋನಿನಲ್ಲಿ ಇಡಿಯಾಗಿ ತೋರಿಸಿದರೆ ತಲೆಗೆ 3.7 ಮಿಲಿಮೀಟರ್ ಬರುತ್ತದೆ. ಮುಖಕ್ಕೆ ಅದರ ಮೂರನೇ ಒಂದಂಶ, ಸಾಸಿವೆ ಕಾಳಿನಷ್ಟು. 'ಅಭಿನಂದನೆಗಳು ಸರ್' ಎಂದು ಇಪ್ಪತ್ತು ಜನ ಬರೆಯುತ್ತಾರೆ. ಯಾವ ಕಾಳಿಗೆ ಎಂದು ಯಾರೂ ಹೇಳುವುದಿಲ್ಲ. ಪರದೆಯನ್ನು ಮೇಲಿಂದ ಕೆಳಗೆ ತುಂಬಿಸಿದರೆ ಆರು ಅಡಿ ಎತ್ತರಕ್ಕೆ ದಕ್ಕುವ ಅಗಲ ಮೂರು ಅಡಿ ನಾಲ್ಕೂವರೆ ಇಂಚು. ನಟ್ಟನಡುವಿನ ಹತ್ತನೆಯವರು ಪೂರ್ತಿ, ಅವರ ಎಡಬಲದವರಲ್ಲಿ ಮೂರನೇ ಒಂದೊಂದು ಪಾಲು. ಉಪಾಧ್ಯಕ್ಷರ ಕಿವಿಯ ರಹಸ್ಯ ಇಲ್ಲಿಗೆ ಬಗೆಹರಿಯಿತು. ಹತ್ತನೆಯ ಕುರ್ಚಿಗಾಗಿ ನಡೆಯುವ ರಾಜಕಾರಣಕ್ಕೆ ಸೈದ್ಧಾಂತಿಕ ಹಿನ್ನೆಲೆಯೂ ಸಿಕ್ಕಿತು.

ದೀಪ ಬೆಳಗಿಸುವ ಚಿತ್ರದಲ್ಲಂತೂ ಎರಡೂ ಅನುಪಾತಗಳು ಕೈ ಕೈ ಮಿಲಾಯಿಸುತ್ತವೆ. ಕಾಲುದೀಪ ನೆಟ್ಟಗೆ ನಿಂತ ವಸ್ತು, 9:16ಕ್ಕೆ ಹೇಳಿ ಮಾಡಿಸಿದ್ದು. ಅದರ ಸುತ್ತ ಏಳು ಜನ. ಒಂದು ಮೊಂಬತ್ತಿಯನ್ನು ಏಳೂ ಜನ ಹಿಡಿದಿರುತ್ತಾರೆ. ಕೈ ನಿಲುಕದವರು ಹಿಡಿದವರ ಮೊಣಕೈ ಹಿಡಿದಿರುತ್ತಾರೆ. ಏಳೂ ಮುಖಗಳು ಕ್ಯಾಮೆರಾದ ಕಡೆಗೆ, ಬತ್ತಿಯ ಕಡೆಗೆ ಯಾರದೂ ಇಲ್ಲ. ಮೇಣ ತೊಟ್ಟಿಕ್ಕುವುದು ಆರನೆಯವರ ಜರತಾರಿ ಶಾಲಿನ ಮೇಲೆ. ಫೋಟೋಗ್ರಾಫರ್ ಫೋನನ್ನು ಅಡ್ಡ ಹಿಡಿದರೆ ದೀಪದ ನೆತ್ತಿ ಹೋಗುತ್ತದೆ, ಉದ್ದ ಹಿಡಿದರೆ ಖಜಾಂಚಿ ಹೋಗುತ್ತಾರೆ. ದೀಪ ಪ್ರತಿಭಟಿಸುವುದಿಲ್ಲವಾದ್ದರಿಂದ ಅಡ್ಡವೇ ಗೆಲ್ಲುತ್ತದೆ.

ಒಂದು ಆಕಾರದ ಚಿತ್ರವನ್ನು ಇನ್ನೊಂದು ಆಕಾರದ ಚೌಕಟ್ಟಿಗೆ ಹೊಂದಿಸುವುದು ಹೇಗೆಂಬ ವಿಷಯದಲ್ಲಿ ದರ್ಶನಗಳು ಭಿನ್ನವಾಗುತ್ತವೆ. ಛೇದವಾದಿಗಳು ಕತ್ತರಿಸು ಎನ್ನುತ್ತಾರೆ. ಇವರು ವಿನ್ಯಾಸ ಕಲಿತವರು. ಯಾರನ್ನು ಕತ್ತರಿಸಬೇಕೆಂದು ಕೇಳಿದಾಗ ಮಾತ್ರ ಊರಿಗೆ ಹೋಗಿರುತ್ತಾರೆ. ಶೂನ್ಯವಾದಿಗಳು ಚಿತ್ರವನ್ನು ಇದ್ದ ಹಾಗೇ ಇಟ್ಟು ಉಳಿದ ಜಾಗಕ್ಕೆ ಕಪ್ಪು ಪಟ್ಟಿ ಬಿಡುತ್ತಾರೆ. ತತ್ತ್ವತಃ ಇದೇ ಶುದ್ಧ ಮಾರ್ಗ, ಯಾರ ಅಂಗಹಾನಿಯೂ ಇಲ್ಲ. ಆದರೆ ಚದರ ಅಡಿಗೆ ಇಷ್ಟು ಎಂದು ಫ್ಲೆಕ್ಸಿಗೆ ದುಡ್ಡು ಕೊಟ್ಟವರು ಶೂನ್ಯಕ್ಕೂ ದುಡ್ಡು ಕೊಡಬೇಕೇ ಎಂದು ಕೇಳಿದರೆ ಆ ದರ್ಶನದಲ್ಲಿ ಉತ್ತರವಿಲ್ಲ. ಮಸುಕುವಾದಿಗಳು ಅದೇ ಚಿತ್ರವನ್ನು ಹಿಗ್ಗಿಸಿ, ಮಬ್ಬುಗೊಳಿಸಿ, ಹಿಂದೆ ಹಾಕುತ್ತಾರೆ. ಮುಂದೆ ಅಧ್ಯಕ್ಷರು, ಹಿಂದೆ ಅಧ್ಯಕ್ಷರ ಮಂಜು.

ನಮ್ಮ ಪ್ರಾಂತದಲ್ಲಿ ಬಹುಮತವಿರುವುದು ಕರ್ಷಣವಾದಕ್ಕೆ: ಎಳೆದು ಹೊಂದಿಸು. ಫ್ಲೆಕ್ಸ್ ಅಂಗಡಿಯ ಆಪರೇಟರ್ ಫೋಟೋದ ಮೂಲೆಗೆ ಬಾಣ ಇಟ್ಟು ಎಳೆಯುತ್ತಾನೆ. ಹತ್ತಕ್ಕೆ ನಾಲ್ಕು ಅಡಿಯ ಬ್ಯಾನರು ತುಂಬುವ ತನಕ ನಿಲ್ಲಿಸುವುದಿಲ್ಲ. ಶಿಲ್ಪಶಾಸ್ತ್ರದಲ್ಲಿ ಮುಖದ ಉದ್ದವೇ ತಾಳ. ದೇವತೆಗಳಿಗೆ ನವತಾಳ, ಗಣಪತಿಗೆ ಪಂಚತಾಳ. ಮನೆಯಿಂದ ನವತಾಳವಾಗಿ ಹೊರಟ ಅಧ್ಯಕ್ಷರು ಬ್ಯಾನರಿಗೆ ಏರುವಷ್ಟರಲ್ಲಿ ಗಣಪತಿಯ ಸಮೀಪವರ್ತಿಯಾಗಿರುತ್ತಾರೆ. ಇದರಲ್ಲಿ ಆಪರೇಟರನ ದೋಷವಿಲ್ಲ. ದೋಷ ಶಾಸ್ತ್ರ ತಲೆಕೆಳಗಾದದ್ದರಲ್ಲಿದೆ. ಫೋಟೋಶಾಪಿನಲ್ಲಿ ತಲೆಮಾರುಗಳಿಂದ ನಡೆದುಬಂದ ವಿಧಿ ಇದು: ಶಿಫ್ಟ್ ಕೀಲಿ ಒತ್ತಿ ಮೂಲೆ ಎಳೆದರೆ ಅನುಪಾತ ಉಳಿಯುತ್ತದೆ, ಒತ್ತದಿದ್ದರೆ ಕೆಡುತ್ತದೆ. 2018ರ ಅಕ್ಟೋಬರಿನಲ್ಲಿ ಬಂದ ಆವೃತ್ತಿ ಇದನ್ನು ತಿರುಗಿಸಿಬಿಟ್ಟಿತು. ಸುಮ್ಮನೆ ಎಳೆದರೆ ಅನುಪಾತ ಉಳಿಯುತ್ತದೆ, ಶಿಫ್ಟ್ ಒತ್ತಿದರೇ ಕೆಡುತ್ತದೆ. ಹಳೆಯ ಗುರುವಿನಲ್ಲಿ ಕಲಿತ ನಿಷ್ಠಾವಂತರು ಎಡಗೈ ಕಿರುಬೆರಳನ್ನು ಶಿಫ್ಟಿನಿಂದ ಎತ್ತಲಿಲ್ಲ. ಆ ದೀಪಾವಳಿಯಿಂದೀಚೆಗೆ ಬ್ಯಾನರುಗಳಲ್ಲಿ ಗಣ್ಯರು ಏಕಾಏಕಿ ಸ್ಥೂಲಕಾಯರಾದದ್ದಕ್ಕೆ ಊಟದ ಎಣ್ಣೆಯನ್ನು ದೂರಿದವರುಂಟು. ಅದು ಸಂಪ್ರದಾಯನಿಷ್ಠೆಯ ಫಲ. ಗಣ್ಯರ ಕಡೆಯಿಂದ ತಕರಾರು ಬಂದದ್ದಿಲ್ಲ. ಅಗಲವಾದರೆ ಯಾರೂ ದೂರುವುದಿಲ್ಲ, ಪಕ್ಕದವನು ತನಗಿಂತ ಅಗಲವಾಗಿರಬಾರದು ಅಷ್ಟೆ.

ಇತ್ತೀಚೆಗೆ ಎಲ್ಲ ದರ್ಶನಗಳನ್ನೂ ಖಂಡಿಸಿ ಮಾಯಾವಾದ ತಲೆಯೆತ್ತಿದೆ. ಕತ್ತರಿಸಬೇಡ, ಎಳೆಯಬೇಡ, ಖಾಲಿಯೂ ಬಿಡಬೇಡ. ಇಲ್ಲದ್ದನ್ನು ಇದೆಯೆಂದು ತೋರಿಸು. ಕೃತಕ ಬುದ್ಧಿಮತ್ತೆಗೆ ಚೌಕಟ್ಟನ್ನು ಅಗಲಿಸಲು ಹೇಳಿದರೆ ಅಂಚಿನಾಚೆ ಏನಿದ್ದಿರಬಹುದೆಂದು ತಾನೇ ಊಹಿಸಿ ಬಿಡಿಸುತ್ತದೆ: ಪರದೆ, ಹೂಕುಂಡ, ಇನ್ನೊಂದು ಕುರ್ಚಿ. ನಮ್ಮ ಪ್ರಾಂತದ ಸಂಘವೊಂದು (ಹೆಸರು ಬೇಡ) ತನ್ನ ವಾರ್ಷಿಕೋತ್ಸವದ ಚಿತ್ರವನ್ನು ಬ್ಯಾನರಿನ ಅಳತೆಗೆ ಹೀಗೆ ಹಿಗ್ಗಿಸಿತು. ಮಾಯೆ ಖಾಲಿ ಕುರ್ಚಿ ಬಿಡಿಸಿ ನಿಲ್ಲಿಸಲಿಲ್ಲ. ವೇದಿಕೆಯ ಬಲತುದಿಯಲ್ಲಿ ಇಪ್ಪತ್ತನೆಯ ಗಣ್ಯರೊಬ್ಬರು ಕೂತಿದ್ದರು. ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಕ್ರಮವಾಗಿ ಇತ್ತು. ಬಲಗೈಯಲ್ಲಿ ಬೆರಳು ಒಂದು ಹೆಚ್ಚು. ಮುಖದಲ್ಲಿ ಸಭೆ ಮುಗಿಯುವ ತನಕ ಕೂರುವ ತಾಳ್ಮೆಯಿತ್ತು, ಆ ಒಂದು ಲಕ್ಷಣದಿಂದಲೇ ಅವರು ನಿಜವಲ್ಲವೆಂದು ಗೊತ್ತಾಗಬೇಕಿತ್ತು. ಕಾರ್ಯಕಾರಿ ಸಮಿತಿ ತುರ್ತಾಗಿ ಸೇರಿತು. ಯಾರೂ ಅವರನ್ನು ಗುರುತಿಸಲಿಲ್ಲ. ತಮಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳಲೂ ಯಾರೂ ಸಿದ್ಧರಿರಲಿಲ್ಲ. ಮಾಜಿ ಅಧ್ಯಕ್ಷರು ಅವರನ್ನು ವಾಶಿಯಲ್ಲಿ ಯಾರದೋ ಗೃಹಪ್ರವೇಶದಲ್ಲಿ ಕಂಡಿದ್ದಾಗಿ ಹೇಳಿದರು. ಕಾರ್ಯದರ್ಶಿಗಳು ವಂದನಾರ್ಪಣೆಯಲ್ಲಿ ಅವರ ಹೆಸರು ಬಿಟ್ಟುಹೋದದ್ದಕ್ಕೆ ವಿಷಾದ ಸೂಚಿಸಿ ನಡಾವಳಿಯಲ್ಲಿ ದಾಖಲಿಸಿದರು. ಖಜಾಂಚಿಯವರು ಮಾತ್ರ ರಸೀದಿ ಪುಸ್ತಕ ತೆರೆದಿಟ್ಟುಕೊಂಡು, ಇವರು ಈ ಸಾಲಿನ ಚಂದಾ ಕಟ್ಟಿದ್ದಾರೆಯೇ ಎಂದು ಕೇಳಿದರು.